ಕೋಟೆಯೊಳಗಿನ ಹುಳುಮನೆ

ಆ ಕಣಿವೆಯಲ್ಲಿ ನಾವು ನೋಡಿದ ಕೋಟೆಗಳು ಎಷ್ಟು ಎಂದು ಕೇಳಿದರೆ ನಾನು ಎಂಟು ಎನ್ನುತ್ತೇನೆ, ಪಾಷ ಆರು ಎನ್ನುತ್ತಾನೆ. ನನ್ನ ನೋಟ್‌ಬುಕ್ಕಿನಲ್ಲಿ ಏಳು ಹೆಸರುಗಳಿವೆ. ಅವುಗಳಲ್ಲಿ ಒಂದು ಕೋಟೆಯೇ ಅಲ್ಲ, ದಾರಿ ತಪ್ಪಿ ನಾವು ಹೊಕ್ಕಿದ್ದ ಹಳೆಯ ಉಗ್ರಾಣ ಎಂದು ಆಮೇಲೆ ತಿಳಿಯಿತು. ಮಂಗಳವಾರ ಇಡೀ ದಿನ ಮಳೆ ಎಂದು ನಾನೇ ಬರೆದಿದ್ದೇನೆ. ಮಂಗಳವಾರದ ಫೋಟೋದಲ್ಲಿ ಪಾಷ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದಾನೆ. ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವನು ನಾನು. ಸಾಕ್ಷಿ ಇಲ್ಲದ ಮಾತನ್ನು ನಂಬಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಿದ್ದೇನೆ. ನನ್ನ ತಲೆಯೊಳಗೆ ಕೂತಿರುವ ಸಾಕ್ಷಿ ಎಂಥವನು ಎಂದು ತಿಳಿಯಲು ಅರವತ್ತೆರಡನೆಯ ವಯಸ್ಸಿನಲ್ಲಿ ಆಲ್ಪ್ಸ್ ಬೆಟ್ಟಗಳ ತನಕ ಹೋಗಬೇಕಾಯಿತು.

ಹೋದದ್ದು ಪಾಷನಿಂದ. ಚಾಂದ್ ಪಾಷ ರಾಮನಗರದಲ್ಲಿ ರೇಷ್ಮೆ ರೀಲರ್. ಬಿಸಿನೀರಿನಲ್ಲಿ ಗೂಡು ಬೇಯಿಸಿ, ಕೈಚರಕದಲ್ಲಿ ನೂಲು ತೆಗೆಯುವ ಹಳೆಯ ಪದ್ಧತಿಯನ್ನು ಬಿಡದ ಕೆಲವರಲ್ಲಿ ಒಬ್ಬ. ಒಂದು ವರ್ಷದ ಹಿಂದೆ ಇನೆಸ್ ಎಂಬ ಇಟಲಿಯ ಹೆಂಗಸು ನಮ್ಮ ಗೂಡಿನ ಮಾರುಕಟ್ಟೆ ನೋಡಲು ಬಂದವಳು, ಅವನ ಚರಕದ ಮುಂದೆ ಅರ್ಧ ದಿನ ಕದಲದೆ ಕೂತಿದ್ದಳಂತೆ. ಇಟಲಿಯ ಉತ್ತರದ ತುದಿಯ ಒಂದು ಕಣಿವೆಯಲ್ಲಿ, ಹಳೆಯ ಕೋಟೆಯೊಳಗೆ, ಅವಳೊಂದು ಚಿಕ್ಕ ರೇಷ್ಮೆ ಸಂಗ್ರಹಾಲಯ ನಡೆಸುತ್ತಾಳೆ. ಜೂನ್ ತಿಂಗಳಲ್ಲಿ ಬಂದು ಎರಡು ದಿನ ನೂಲು ತೆಗೆದು ತೋರಿಸಿ ಎಂದು ಕರೆ ಕಳಿಸಿದಳು. ಪಾಷ ಓದಿದ್ದು ಐದನೇ ಕ್ಲಾಸು.

"ಇಂಗ್ಲಿಸಿಗೆ ನೀ ಬಾ ಸಿದ್ದ. ನೀನಿಲ್ದಿದ್ರೆ ನಾನಲ್ಲಿ ಕೋಲೆ ಬಸವ ಕಣ್ಲಾ. ಅವ್ರು ಏನ್ ಕೇಳಿದ್ರೂ ತಲೆ ಆಡ್ಸೋದೇಯ" ಎಂದ.

ನನ್ನನ್ನು ಸಿದ್ದ ಎಂದು ಕರೆಯುವವರು ಭೂಮಿಯ ಮೇಲೆ ಈಗ ಇಬ್ಬರೇ. ಪಾಷ ಒಬ್ಬ, ಕೋಡಿಹಳ್ಳಿಗೆ ಕೊಟ್ಟಿರುವ ನನ್ನ ಅಕ್ಕ ಕೆಂಪಮ್ಮ ಇನ್ನೊಬ್ಬಳು. ಉಳಿದವರಿಗೆಲ್ಲ ನಾನು ಸಿದ್ದರಾಜು ಮೇಷ್ಟ್ರು. ಹೊರಟೆ.

ನಡುವಿನ ವಿಮಾನ ನಿಲ್ದಾಣ

ವಿಮಾನ ಬದಲಾಯಿಸುವ ಊರಿನಲ್ಲಿ ಮೂರು ಗಂಟೆ ಕಾಯಬೇಕಿತ್ತು. ಅಂಗಡಿ ಸಾಲಿನಲ್ಲಿ ಅಡ್ಡಾಡುವಾಗ ಸೆಂಟು ಮಾರುವ ಹುಡುಗಿಯೊಬ್ಬಳು ನಗುತ್ತ ಬಂದು ನನ್ನ ಕೋಟಿನ ತೋಳಿಗೆ ಬುಸ್ಸೆಂದು ಹೊಡೆದೇಬಿಟ್ಟಳು. ಮುಂದಿನ ಸರದಿ ಪಾಷನದು. ಅವನು ಹಾವು ಕಂಡವನ ಹಾಗೆ ಹಿಂದಕ್ಕೆ ಹಾರಿದ. ಹಿಂದೆ ನಿಂತಿದ್ದ ಒಬ್ಬರ ಪೆಟ್ಟಿಗೆ ಮಗುಚಿಕೊಂಡಿತು. ಕ್ಷಮೆ ಕೇಳುವ ಕೆಲಸ ನನಗೆ ಬಿತ್ತು.

"ಹೆದರಿಕೊಳ್ಳೋಕೆ ಅದೇನು ಆಸಿಡ್ಡಾ?" ಎಂದೆ.

"ನಂಗಾಗಲ್ಲ ಬುಡು" ಎಂದ.

ನಿಜ, ದೊಡ್ಡವನಾದ ಮೇಲೆ ಹಬ್ಬದ ದಿನವೂ ಅವನು ಅತ್ತರು ಹಚ್ಚಿದ್ದನ್ನು ನಾನು ನೋಡಿಲ್ಲ. ಉಬ್ಬಸ ಇರುವವನು, ಹಬೆಯಲ್ಲಿ ಕೂತು ಕೂತು ಎದೆ ಕೆಟ್ಟಿದೆ, ಅದಕ್ಕಿರಬೇಕು ಎಂದುಕೊಂಡಿದ್ದೆ.

ಇಟಲಿಯಲ್ಲಿ ಇಳಿದಾಗ ಅಧಿಕಾರಿ ಪಾಷನ ಚೀಲ ತೆಗೆಸಿದ. ಒಳಗೆ ಬಟ್ಟೆಗಿಂತ ಹೆಚ್ಚಾಗಿ ಗೂಡುಗಳಿದ್ದವು. ಅಲ್ಲಿನವರು ಹೇಗೆ ಬೆಳೆದಿರುತ್ತಾರೋ ಎಂದು ಅವನು ಮನೆಯಲ್ಲೇ ಆರಿಸಿದ್ದನ್ನು ಒಣಗಿಸಿ ತಂದಿದ್ದ. ಅಧಿಕಾರಿ ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗೆ ಒಣಗಿದ ಹುಳು ಕಟಕಟ ಎಂದಿತು. ಅವನ ಮುಖ ಬದಲಾಯಿತು. ಸತ್ತಿದ್ದರೂ ಪ್ರಾಣಿ ಪ್ರಾಣಿಯೇ, ಒಳಗೆ ಬಿಡುವಂತಿಲ್ಲ ಎಂದು ಎಲ್ಲವನ್ನೂ ಒಂದು ಹಳದಿ ಡಬ್ಬಕ್ಕೆ ಸುರಿದುಕೊಂಡ. ಪಾಷ ಡಬ್ಬದ ಮುಚ್ಚಳ ಬೀಳುವ ತನಕ ನೋಡುತ್ತ ನಿಂತಿದ್ದ.

"ಆರಿಸ್ದೋಳು ನನ್ನೆಂಡ್ರು. ಕೇಳುದ್ರೆ ಏನ್ ಹೇಳ್ಲಿ?"

"ಇಟಲಿ ಸರ್ಕಾರ ಕೊಂಡ್ಕೊಳ್ತು ಅನ್ನು."

ಅವನು ನಗಲಿಲ್ಲ.

ಕಣಿವೆ

ನಡುವೆ ನದಿ. ಅದರ ಪಕ್ಕ ರೈಲು, ಅದರ ಪಕ್ಕ ದ್ರಾಕ್ಷಿ ತೋಟ, ಎರಡೂ ಕಡೆ ಗೋಡೆ ಎಬ್ಬಿಸಿದಂತೆ ಬೆಟ್ಟ. ಜೂನ್ ಆದರೂ ದೂರದ ಶಿಖರಗಳ ಸಂದಿಯಲ್ಲಿ ಹಿಮ ಸುಣ್ಣದ ಪಟ್ಟೆಯ ಹಾಗೆ ಉಳಿದಿತ್ತು. ಬೆಟ್ಟದ ಮೂಗು ಎಲ್ಲೆಲ್ಲಿ ಮುಂದಕ್ಕೆ ಬಂದಿದೆಯೋ ಅಲ್ಲೆಲ್ಲ ಒಂದು ಕೋಟೆ. ಒಂದರಿಂದ ನೋಡಿದರೆ ಇನ್ನೊಂದು ಕಾಣುತ್ತದೆ. ಕೆಳಗೆ ಹೋಗುವ ಯಾರೂ ಸುಂಕ ತಪ್ಪಿಸಿಕೊಳ್ಳಬಾರದು ಎಂಬ ಏರ್ಪಾಡು.

ನಾನು ಎಲ್ಲಿಗೆ ಹೋದರೂ ನಮ್ಮ ಬೆಟ್ಟಗಳನ್ನು ಜೇಬಿನಲ್ಲಿಟ್ಟುಕೊಂಡು ಹೋಗುವವನು. ಸಾವನದುರ್ಗ, ಹುತ್ರಿದುರ್ಗ, ಕಬ್ಬಾಳದುರ್ಗ, ಮೂರನ್ನೂ ಆ ಕೋಟೆಗಳ ಪಕ್ಕ ಇಟ್ಟು ನೋಡಿದೆ. ನಮ್ಮಲ್ಲಿ ಬಂಡೆಯೇ ಮುಕ್ಕಾಲು ಕೋಟೆ, ಮನುಷ್ಯ ಕಟ್ಟಿದ್ದು ಕಾಲು ಪಾಲು. ಅವರಲ್ಲಿ ಎಲ್ಲವನ್ನೂ ಮನುಷ್ಯನೇ ಹೊತ್ತು ಕಟ್ಟಬೇಕಾಗಿತ್ತು. ಹಾಗಾಗಿ ಅವರಿಗೆ ತಮ್ಮ ಪಾಳು ಗೋಡೆಗಳ ಮೇಲೆ ಅಕ್ಕರೆ ಹೆಚ್ಚು. ಬಿದ್ದ ಗೋಡೆ ಇನ್ನಷ್ಟು ಬೀಳದಂತೆ ಕಬ್ಬಿಣದ ಪಟ್ಟಿ ಹಾಕಿದ್ದಾರೆ. ಒಂದೊಂದು ಕಲ್ಲಿಗೂ ನಂಬರು ಬರೆದಿದ್ದಾರೆ. ಕೂರಲು ಬೆಂಚು, ಬೆಂಚಿನ ಪಕ್ಕ ಕುಂಡದಲ್ಲಿ ಕೆಂಪು ಹೂ. ನಮ್ಮ ಕಬ್ಬಾಳದುರ್ಗದ ಮೇಲೆ ಮಂಗ ಉಂಟು, ಖಾಲಿ ಬಾಟಲಿ ಉಂಟು. ಆದರೆ ಗೋಡೆಯ ಮೇಲೆ ಪ್ರೇಮಿಗಳು ಹೆಸರು ಗೀಚುವುದು ಮಾತ್ರ ಎರಡೂ ಕಡೆ ಒಂದೇ. ಪಾಷ ಅದನ್ನು ಬೆರಳಿನಿಂದ ಸವರಿ, "ಇವ್ರೂ ನಮ್ಮಂಗೇಯ" ಎಂದು ನೆಮ್ಮದಿಪಟ್ಟ.

ಊಟದ ಕಷ್ಟ ಹೇಳಬೇಕು. ಮಾಂಸ ಹೇಗೆ ಕೊಯ್ದದ್ದೋ ಎಂದು ಪಾಷ ಮುಟ್ಟುತ್ತಿರಲಿಲ್ಲ. ರೊಟ್ಟಿ, ಗಿಣ್ಣಿನಂಥ ಚೀಸು, ಟೊಮೇಟೊ. ಮೊದಲ ದಿನ ಮಧ್ಯಾಹ್ನ ಮರದ ಹಲಗೆಯ ಮೇಲೆ ಹೊಗೆಯಾಡುವ ಹಳದಿ ಉಂಡೆ ಬಂತು. ಮೆಕ್ಕೆಜೋಳದ ಹಿಟ್ಟನ್ನು ತಿರುವಿ ತಿರುವಿ ಬೇಯಿಸಿದ್ದು. ಪಾಷ ಬಾಗಿ ನೋಡಿದ.

"ಏನ್ಲಾ ಸಿದ್ದ ಇದು, ಮುದ್ದೆಗೆ ಕಾಮಾಲೆ ಆದಂಗೈತೆ?"

ಬಡಿಸಿದ ಹೆಂಗಸು ಏನೆಂದ ಎಂದು ಕೇಳಿದಳು. ಬಹಳ ಚೆನ್ನಾಗಿದೆ ಎನ್ನುತ್ತಿದ್ದಾನೆ ಎಂದೆ. ಭಾಷಾಂತರದಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು. ಪಾಷ ನುಂಗಲು ನೋಡಿದ, ಅದು ಅಗಿಯಬೇಕಾದದ್ದು ಎಂದು ತಿಳಿದು ಅಗಿದ.

ಇನೆಸ್‌ಳ ಕೋಟೆ

ಇನೆಸ್‌ಗೆ ಐವತ್ತು ದಾಟಿರಬೇಕು. ಕತ್ತರಿಸಿದ ನರೆಗೂದಲು, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ಕೋಟೆಯ ಕೆಳಗಿನ ದಿಣ್ಣೆಯಲ್ಲಿ ಮೊಂಡು ತಲೆಯ ದಪ್ಪ ಮರಗಳ ಸಾಲನ್ನು ತೋರಿಸಿದಳು. ನಾನು ಒಂದು ಎಲೆ ಕಿತ್ತು ಮೂಸಿದೆ. ಹಿಪ್ಪುನೇರಳೆ! ನಮ್ಮಲ್ಲಿ ಸೊಂಟದೆತ್ತರದ ಗಿಡ ಮಾಡಿ ಕೊಯ್ಯುವ ಸೊಪ್ಪು, ಇಲ್ಲಿ ತಬ್ಬಲಾರದ ಮರವಾಗಿ ನಿಂತಿತ್ತು. ಈ ಕಣಿವೆಯವರೂ ತಲೆತಲಾಂತರ ಹುಳು ಸಾಕಿದವರಂತೆ. ರೋಗ ಬಂತು, ಯುದ್ಧ ಬಂತು, ಆಮೇಲೆ ದ್ರಾಕ್ಷಿ ಬಂತು. ಹುಳುವನ್ನು ಕಂಡವರು ಈಗ ಮುದುಕರು ಮಾತ್ರ. ಅವಳ ಅಜ್ಜಿ ಚಳಿಯ ದಿನಗಳಲ್ಲಿ ಮೊಟ್ಟೆಯನ್ನು ಬಟ್ಟೆ ಚೀಲದಲ್ಲಿ ಕಟ್ಟಿ ಎದೆಯೊಳಗೆ ಇಟ್ಟುಕೊಂಡು ಕಾವು ಕೊಡುತ್ತಿದ್ದಳಂತೆ.

ಚೌಕದ ಗೋಪುರದ ಮೊದಲ ಅಂತಸ್ತಿನಲ್ಲಿ ಒಂದು ಕೋಣೆ. ಹಿಂದೆ ಪಹರೆಯವರು ಮಲಗುತ್ತಿದ್ದದ್ದು. ಈಗ ಅಲ್ಲಿ ಮರದ ಅಟ್ಟಣೆ ಕಟ್ಟಿ ಅಗಲವಾದ ತಟ್ಟೆಗಳಲ್ಲಿ ಜೀವಂತ ಹುಳು ಸಾಕಿದ್ದಾಳೆ. ನಾಲ್ಕನೆಯ ಜ್ವರ ಕಳೆದ ಹುಳು. ಹುಳು ಪೊರೆ ಬಿಡಲು ಮೇವು ಬಿಟ್ಟು ಕೂರುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಕಳೆದ ಮೇಲೆ ಅದಕ್ಕೆ ಬಕಾಸುರನ ಹಸಿವು. ಬಾಗಿಲಲ್ಲೇ ಆ ಸದ್ದು ಕೇಳಿತು, ಸಾವಿರಾರು ಬಾಯಿ ಎಲೆ ಕತ್ತರಿಸುವ ಸದ್ದು. ನಾನು ಹುಟ್ಟಿದ ಮನೆಯ ಸದ್ದು.

ಒಳಗೆ ಕಾಲಿಡುವಷ್ಟರಲ್ಲಿ ಇನೆಸ್ ಮೂಗು ಅರಳಿಸಿದಳು. ನನ್ನ ತೋಳಿನ ಹತ್ತಿರ ಬಾಗಿದಳು. ವಿಮಾನ ನಿಲ್ದಾಣದ ಸೆಂಟು!

"ನೀವು ಹೊರಗೆ" ಎಂದು ನಗುತ್ತಲೇ ಬೆರಳು ತೋರಿಸಿದಳು. "ಸುಗಂಧ ಹಚ್ಚಿದವರನ್ನು ನನ್ನ ಅಜ್ಜಿ ಹುಳುಮನೆಗೆ ಬಿಡುತ್ತಿರಲಿಲ್ಲ. ನಿಮ್ಮ ಸ್ನೇಹಿತರು ಬರಲಿ."

ನಾನು ಅದನ್ನು ಕನ್ನಡಕ್ಕೆ ತಿರುಗಿಸಿದೆ. ಬೂಟಿನ ದಾರ ಬಿಚ್ಚಲು ಬಾಗಿದ್ದ ಪಾಷ ಹಾಗೆಯೇ ನಿಂತ. ಆಮೇಲೆ ಎರಡು ಹೆಜ್ಜೆ ಹಿಂದೆ ಬಂದ.

"ಇರ್ಲಿ ಬುಡು. ನಾನೂ ನಿನ್ ಜೊತೇಲೇ ಇರ್ತೀನಿ."

ಸ್ನೇಹ ಎಂದರೆ ಇದು ಎಂದುಕೊಂಡೆ. ಅಂದು ಸಂಜೆ ನೋಟ್‌ಬುಕ್ಕಿನಲ್ಲಿ ಹಾಗೆಯೇ ಬರೆದೆ ಕೂಡ. ಆ ಪುಟವನ್ನು ಈಗ ಓದಲಾಗುವುದಿಲ್ಲ.

ಕೋಟೆಯ ಅಂಗಳದಲ್ಲಿ ಒಲೆ, ಬಿಸಿನೀರಿನ ಬಾಂಡಲಿ, ಅಲ್ಲಿಯದೇ ಒಂದು ಹಳೆಯ ಮರದ ಚರಕ. ನಲವತ್ತು ಜನ ಸೇರಿದ್ದರು. ಪಾಷ ಕುದಿಯುವ ನೀರಿನಲ್ಲಿ ಬೆರಳು ಆಡಿಸಿ, ಇನೆಸ್ ಒಣಗಿಸಿಟ್ಟಿದ್ದ ಗೂಡುಗಳ ಎಳೆಯ ತುದಿ ಹುಡುಕಿದ. ಕಣ್ಣಿಗೆ ಕಾಣದ ಎಂಟು ಎಳೆಗಳು ಅವನ ಬೆರಳಲ್ಲಿ ಒಂದಾಗಿ ಮೇಲೆದ್ದವು. ಜನ ಉಸಿರು ಬಿಗಿಹಿಡಿದರು. ಆ ಮೌನ ತುಂಬಲು, ಮೇಷ್ಟ್ರ ಚಟ, ನಾನೊಂದು ಕಥೆ ಹೇಳಿದೆ. ಮೂವತ್ತು ವರ್ಷ ಪ್ರತಿ ಹೊಸ ತರಗತಿಗೂ ಹೇಳಿದ ಕಥೆ.

ನಾವಿಬ್ಬರೂ ಹತ್ತು ವರ್ಷದವರು, ರಾಮನಗರದಲ್ಲಿ ಒಂದೇ ಶಾಲೆ. ನನ್ನ ಅಪ್ಪ ಹತ್ತಿರದ ಹಳ್ಳಿ ಕೈಲಾಂಚದಲ್ಲಿ ಹುಳು ಸಾಕುವವನು, ಪಾಷನ ಅಪ್ಪ ರಾಮನಗರದಲ್ಲಿ ನೂಲು ತೆಗೆಯುವವನು. ಒಂದು ರಂಜಾನ್ ಹಬ್ಬಕ್ಕೆ ಪಾಷ ಅತ್ತರು ಹಚ್ಚಿಕೊಂಡು, ಕ್ಯಾರಿಯರಿನಲ್ಲಿ ಶಾವಿಗೆಯ ಸುರ್ಕುಂಬ ಹಿಡಿದು ನಮ್ಮ ಮನೆಗೆ ಬಂದ. ನಾಲ್ಕು ದಿನದಲ್ಲಿ ಹುಳುಗಳೆಲ್ಲ ಸುಣ್ಣದ ಕಡ್ಡಿಯ ಹಾಗೆ ಬೆಳ್ಳಗೆ ಸೆಟೆದುಕೊಂಡು ಸತ್ತವು. ಅತ್ತರಿನ ವಾಸನೆಗೇ ಸತ್ತದ್ದು ಎಂದು ಮನೆಯವರೆಲ್ಲ ಪಾಷನ ಮೇಲೆ ಬಿದ್ದರು. ಆಗ ನಾನು ಅಪ್ಪನ ಎದುರು ನಿಂತು, ಅತ್ತರಿಗೆ ಹುಳು ಸಾಯುವುದಿಲ್ಲ, ಬೇಕಾದರೆ ಪರೀಕ್ಷೆ ಮಾಡಿ ನೋಡೋಣ ಎಂದೆ. ನಾನು ಯಾವುದನ್ನೂ ಸುಮ್ಮನೆ ನಂಬದವನಾದದ್ದು ಅಂದಿನಿಂದ.

ಜನ ಚಪ್ಪಾಳೆ ತಟ್ಟಿದರು. ಪಾಷ ಬಾಂಡಲಿಯಿಂದ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದ. ಇಂಗ್ಲಿಷಿನ ಹೊಳೆಯಲ್ಲಿ ಅವನಿಗೆ ಎರಡೇ ಮಾತು ತಿಳಿದಿದ್ದವು, ತನ್ನ ಹೆಸರು ಮತ್ತು ಅತ್ತರು.

ಗೋಡೆಯ ಮೇಲಿನ ಬೆಂಚು

ಜನ ಕರಗಿದ ಮೇಲೆ ಕೋಟೆಯ ಹೊರಗೋಡೆಯ ಮೇಲೆ ಕೂತೆವು. ಕೆಳಗೆ ನದಿ ಬಿಸಿಲಿಗೆ ಮಿನುಗುತ್ತಿತ್ತು.

"ಏನಂದೆ ಅವ್ರಿಗೆ?" ಎಂದ.

ಹೇಳಿದೆ. ಖುಷಿಯಿಂದಲೇ ಹೇಳಿದೆ. ಅವನು ಬೆಂದು ಸುಕ್ಕಾದ ಬೆರಳುಗಳನ್ನು ಟವೆಲಿನಲ್ಲಿ ಒಂದೊಂದಾಗಿ ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ.

"ಅಂಗಾಗ್ಲಿಲ್ಲ ಕಣೋ ಸಿದ್ದ."

"ಯಾವುದು?"

"ನೀ ಅಂಗನ್ನಲಿಲ್ಲ. ನಿಮ್ಮಪ್ಪ ಕೇಳುದ್ರು, ಅತ್ರು ಹಾಕ್ಕಂಡು ಹುಳದ ಮನೆ ಒಳೀಕೆ ಬಂದೋರು ಯಾರ್ಲಾ ಅಂತ. ನೀನು ನನ್ ಕಡೆ ಬೆರಳ್ ತೋರ್ಸ್ದೆ."

"ನಾನಾ?"

"ನಾನು ಕ್ಯಾರಿಯರ್ ಈಸ್ಕಂಡೋಗಕ್ಕೆ ಬಂದಿದ್ದೆ. ನಿಮ್ಮಪ್ಪ ಸತ್ತ್ ಹುಳ ತಿಪ್ಪೆಗೆ ಸುರೀತಿದ್ರು. ನೀ ಜಗಲಿ ಕಂಬ ತಬ್ಕಂಡಿದ್ದೆ. ಒಂದ್ ಕೈಲಿ ಕಂಬ, ಒಂದ್ ಕೈಲಿ ಹಿಂಗೆ."

ಅವನು ತೋರಿಸಿದ. ತೋರುಬೆರಳು ನೇರವಾಗಿರಲಿಲ್ಲ, ಅರ್ಧ ಮಡಚಿತ್ತು. ಸುಳ್ಳು ಹೇಳುವವನಿಗೆ ಆ ಅರ್ಧ ಮಡಿಕೆ ಹೊಳೆಯುವುದಿಲ್ಲ ಎಂದು ನನ್ನೊಳಗಿನ ಇತಿಹಾಸದ ಮೇಷ್ಟ್ರು ಆಗಲೇ ಬರೆದುಕೊಂಡ.

"ನೀನು ಒಳಗೆ ಬಂದಿದ್ದೆ ತಾನೇ ಹಬ್ಬದ ದಿನ?" ಎಂದೆ. ನನ್ನ ದನಿಯಲ್ಲಿ ವಕೀಲನಿದ್ದ.

"ಇಲ್ಲ. ಜಗಲೀಲೇ ಕುಂತಿದ್ದೆ. ಹುಳ ತಿನ್ನೋ ಸದ್ದು ಕೇಳ್ತಿತ್ತು ಅಷ್ಟೇ."

ಆಮೇಲೆ ನಡೆದದ್ದು ನನಗೂ ಗೊತ್ತಿತ್ತು, ಆದರೆ ಬೇರೆ ಕಾರಣ ಹಚ್ಚಿ ಇಟ್ಟುಕೊಂಡಿದ್ದೆ. ನನ್ನ ಅಪ್ಪ ಮಾರುಕಟ್ಟೆಯಲ್ಲಿ ನಾಲ್ಕು ಜನರ ಮುಂದೆ ಪಾಷನ ಅಪ್ಪನನ್ನು ನಿಲ್ಲಿಸಿ ಬೈದರು. ಊರೂರು ತಿರುಗೋದನ್ನು ಕಲಿಸಿದ್ದು ಶಾಲೆ ಎಂದು ಪಾಷನ ಅಪ್ಪ ಆ ವಾರವೇ ಮಗನನ್ನು ಬಿಡಿಸಿ ಬಿಸಿನೀರಿನ ಮುಂದೆ ಕೂರಿಸಿದರು. ಅವರಿಗೆ ಕೈ ಸಾಲದೆ ಇತ್ತು, ಅದಕ್ಕೆ ಬಿಡಿಸಿದರು ಎಂದು ನಾನು ತಿಳಿದಿದ್ದೆ. ಯಾರು ಹಾಗೆ ಹೇಳಿದರು ಎಂದು ನೆನೆದರೆ ಯಾರೂ ಹೇಳಿಲ್ಲ.

"ಐವತ್ತೆರಡು ವರ್ಷ ಆಯ್ತಲ್ಲೋ. ಒಂದಿನಾನೂ ಯಾಕೆ ಹೇಳಲಿಲ್ಲ?"

"ನಿಂಗೆ ಗೊತ್ತೈತೆ ಅಂದ್ಕಂಡಿದ್ದೆ" ಎಂದ. "ಗೊತ್ತಿದ್ದೂ ನನ್ ಕಂಡ್ರೆ ಪ್ರೀತಿ ಮಡಗವ್ನೆ ಅಂದ್ಕಂಡಿದ್ದೆ."

ಬಣ್ಣದ ಗೋಡೆಗಳ ಕೋಟೆ

ಮಾರನೆಯ ದಿನ ಇನೆಸ್ ನಮ್ಮನ್ನು ಇನ್ನೊಂದು ಕೋಟೆಗೆ ಕಳಿಸಿದಳು. ಅಲ್ಲಿನ ಗೋಡೆಗಳ ಮೇಲೆ ಹನ್ನೆರಡು ತಿಂಗಳ ಚಿತ್ರಗಳಿದ್ದವು ಎಂದು ಹೇಳಬಲ್ಲೆ. ಉಳುವುದು, ಬಿತ್ತುವುದು, ಬೇಟೆ. ಜೂನ್ ತಿಂಗಳ ಗೋಡೆಯಲ್ಲಿ ಏನಿತ್ತು ಎಂದು ಕೇಳಬೇಡಿ. ನಾನು ನೋಡಲಿಲ್ಲ. ಪಾಷ ಕುದುರೆಗಳನ್ನು ಎಣಿಸುತ್ತಿದ್ದಾಗ ನಾನು ಕೊತ್ತಲದ ಮೂಲೆಗೆ ಹೋಗಿ ಅಕ್ಕನಿಗೆ ಫೋನು ಮಾಡಿದೆ. ಒಬ್ಬನ ಮಾತಿನ ಮೇಲೆ ತೀರ್ಮಾನ ಮಾಡಬಾರದು, ಎರಡನೆಯ ಸಾಕ್ಷಿ ಬೇಕು. ನಿಜ ಹೇಳಬೇಕೆಂದರೆ, ಪಾಷ ಹೇಳಿದ್ದು ಸುಳ್ಳು ಎನ್ನುವವರು ಒಬ್ಬರು ಬೇಕಾಗಿತ್ತು.

ಕೋಡಿಹಳ್ಳಿಯಲ್ಲಿ ಅಕ್ಕ ಆಗ ಹಾಲು ಹಾಕಲು ಡೈರಿಗೆ ಹೊರಟಿದ್ದಳು.

"ಅಯ್ಯೋ ಸಿದ್ದ, ಹುಸಾರಾಗಿದ್ದೀಯೇನಪ್ಪ? ಅನ್ನ ಸಿಕ್ತದಾ ಅಲ್ಲಿ?"

"ಅಕ್ಕ, ನಾನು ಚಿಕ್ಕವನಾಗಿದ್ದಾಗ ಹುಳು ಎಲ್ಲ ಸತ್ತಿತ್ತಲ್ಲ, ಆ ರಂಜಾನ್ ಹಬ್ಬದಲ್ಲಿ ಪಾಷ ಹುಳುಮನೆಗೆ ಬಂದಿದ್ನಾ?"

"ಅಲ್ಲೀಗಂಟ ಹೋಗಿ ಇದೇನ್ ಕೇಳ್ತೀಯೋ?"

"ಹೇಳಕ್ಕ."

ಹಾಲಿನ ಕ್ಯಾನನ್ನು ಕೆಳಗಿಟ್ಟ ಸದ್ದು ಕೇಳಿತು.

"ಅವ್ನೆಲ್ಲಪ್ಪ ಬಂದಿದ್ದ? ಮಗ ಜಗಲಿ ಮ್ಯಾಲೆ ಗುಬ್ಬಚ್ಚಿ ಕುಂತಂಗೆ ಕುಂತಿತ್ತು. ಘಮ್ ಅಂತಿದ್ದೋನು ನೀನೇ ಕಣಪ್ಪ. ಅವ್ರ ಮನೆಗೆ ಉಣ್ಣಕ್ಕೋಗಿ ಕಿವಿಗೆ ಅತ್ರಿನ ಹತ್ತಿ ಸಿಕ್ಕಿಸ್ಕಂಡು ಬಂದಿದ್ದೆ. ಹಂಗೇ ಹುಳಿನ ಮನೆಗೆ ನುಗ್ಗಿದ್ದೆ. ನಾನೇ ಎಳ್ಕಂಡೋಗಿ ಸೀಗೆಕಾಯಿ ಹಾಕಿ ತಲೆ ಉಜ್ಜಿದ್ದು. ಹತ್ತಿ ಕಿತ್ತು ಒಲೆಗೆ ಹಾಕ್ದೆ."

"ಅಪ್ಪ ಕೇಳಿದಾಗ ನೀನು ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿನ್ ಚರ್ಮ ಸುಲೀತಿದ್ರಲ್ಲ."

"ನಾನು ಪಾಷನ ಕಡೆ ಬೆರಳು ತೋರಿಸಿದ್ನಾ?"

"ಅದ ನಾ ಕಾಣೆ. ನಾನು ಒಳಗೆ ಸೊಪ್ಪು ಹೆಚ್ತಿದ್ದೆ. ಹೊತ್ತಾಯ್ತದೆ ಇಡ್ಲಾ?"

ಇಟ್ಟಳು. ನನ್ನ ಕೈಯಲ್ಲಿ ಈಗ ಎರಡು ಸಾಕ್ಷಿ. ಒಂದು ಇನ್ನೊಂದನ್ನು ಅಲ್ಲಗಳೆಯುವುದಿಲ್ಲ, ಮುಂದುವರಿಸುತ್ತದೆ. ನನ್ನ ಸಾಕ್ಷಿ ಮಾತ್ರ ಎರಡಕ್ಕೂ ಹೊಂದುವುದಿಲ್ಲ. ಹುಳುಗಳಿಗೆ ಬಂದದ್ದು ಸುಣ್ಣಕಟ್ಟು ರೋಗ, ಚಳಿಗೂ ತೇವಕ್ಕೂ ಹಬ್ಬುವ ಬೂಷ್ಟು, ಅತ್ತರಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಇಪ್ಪತ್ತನೆಯ ವಯಸ್ಸಿನಲ್ಲೇ ಪುಸ್ತಕದಲ್ಲಿ ಓದಿದ್ದೆ. ಓದಿದ ಆ ವಾಕ್ಯವನ್ನು ಹತ್ತು ವರ್ಷದ ಹುಡುಗನ ಬಾಯಿಗೆ ಯಾವಾಗ ಇಟ್ಟೆ? ಬಹುಶಃ ಮೈಸೂರಿನ ಹಾಸ್ಟೆಲಿನಲ್ಲಿ. ಬಹುಶಃ ಮೊದಲ ವರ್ಷ ಪಾಠ ಮಾಡಿದ ದಿನ. ಬಹುಶಃ ಎಂಬ ಮಾತಿಲ್ಲದೆ ನನ್ನ ಬಗ್ಗೆ ಏನನ್ನೂ ಬರೆಯುವ ಯೋಗ್ಯತೆ ನನಗೆ ಉಳಿದಿಲ್ಲ.

ಕೆಳಗಿಳಿದಾಗ ಪಾಷ, "ಹದಿನೇಳು ಕುದ್ರೆ. ಒಂದಕ್ಕೂ ಲಾಳ ಬರೆದಿಲ್ಲ" ಎಂದ.

"ನನ್ನ ಕಿವಿಯಲ್ಲಿ ಹತ್ತಿ ಇದ್ದದ್ದು ನಿನಗೆ ಗೊತ್ತಿತ್ತಾ?"

"ಇಟ್ಟೋರು ನಮ್ ತಾತ. ನಂಗೊಂದು, ನಿಂಗೊಂದು. ಗೊತ್ತಿರಲ್ವಾ?"

"ಮತ್ತೆ ಅವತ್ತು ನೀನು ಯಾಕೆ ಬಾಯಿ ಬಿಡಲಿಲ್ಲ?"

"ನಿಮ್ಮಪ್ಪನ ಕೈಲಿ ಬಾರ್ಕೋಲಿತ್ತು" ಎಂದ. "ನಾನು ಬೇರೆಯೋರ ಮಗ, ಹೊಡೀತಿರ್ಲಿಲ್ಲ."

ಮೇಲಿನ ಪಾಳು ಕೋಟೆ

ಮೂರನೆಯ ದಿನ ಬಿಡುವು. ಕಣಿವೆಯಲ್ಲೇ ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಹೆಚ್ಚು ಬಿದ್ದುಹೋದದ್ದು ಎಂದು ಒಂದು ಕೋಟೆಯನ್ನು ತೋರಿಸಿದ್ದರು. ಮೊದಲ ಮಹಾಯುದ್ಧ ಈ ಬೆಟ್ಟಗಳ ಮೇಲೂ ನಡೆದಿತ್ತು. ಅದಕ್ಕೆ ಮೊದಲೇ ಮುರಿದಿದ್ದನ್ನು ಫಿರಂಗಿಗಳು ಇನ್ನಷ್ಟು ಮುರಿದವಂತೆ.

ಕಾಡಿನ ನಡುವೆ ಏರು. ಎದುರಾದವರೆಲ್ಲ, ಗುರುತಿದ್ದರೂ ಇಲ್ಲದಿದ್ದರೂ, ನಮಸ್ಕಾರ ಹೇಳಿಯೇ ಮುಂದೆ ಹೋಗುತ್ತಾರೆ. ಎಪ್ಪತ್ತು ದಾಟಿದ ಹೆಂಗಸರು ಎರಡು ಕೈಯಲ್ಲಿ ಎರಡು ಕೋಲು ಹಿಡಿದು ನಮ್ಮನ್ನು ಹಿಂದಕ್ಕೆ ಹಾಕಿ ಹೋದರು. ಪಾಷನ ಎದೆಯಲ್ಲಿ ಸಿಳ್ಳೆ ಏಳತೊಡಗಿತು. ಅರ್ಧ ದಾರಿಯಲ್ಲಿ, ಹುಲ್ಲಿನ ಬಯಲಿನ ಅಂಚಿಗೆ ಒಂದು ಮುದಿ ಹಿಪ್ಪುನೇರಳೆ ಮರವಿತ್ತು. ಅದರ ಬುಡದ ಕಲ್ಲಿನ ಮೇಲೆ ಕೂತುಬಿಟ್ಟ.

"ನೀನೋಗು. ಸಾವನದುರ್ಗಕ್ಕೂ ನಾನು ಅರ್ಧಕ್ಕೇ ಕುಂತೋನು."

"ಬೇಡ, ಇಬ್ಬರೂ ಇಳಿಯೋಣ."

"ಹೋಗ್ಲಾ. ನೋಡ್ಕಂಬಂದು ನಂಗೆ ಹೇಳು. ಸುಳ್ ಸೇರ್ಸ್‌ಬ್ಯಾಡ."

ಅದು ತಮಾಷೆಯೇ. ನಾನೊಬ್ಬನೇ ಹತ್ತಿದೆ.

ಮೇಲೆ ಏನೂ ಇಲ್ಲ. ಮೂರು ಗೋಡೆ, ಆಕಾಶಕ್ಕೆ ತೆರೆದ ಒಂದು ಕಿಟಕಿ, ನೆಲದಲ್ಲಿ ನೀರಿನ ತೊಟ್ಟಿಯ ಗುಂಡಿ. ಗೋಡೆಯ ಗಾರೆಯಲ್ಲಿ ಬೇರು ಬಿಟ್ಟ ಒಂದು ನೀಲಿ ಹೂ. ಗಂಡ ಹೆಂಡತಿ ಇಬ್ಬರು ಮುದುಕರು ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ನನಗೂ ಒಂದು ಸೇಬು ಕೊಟ್ಟರು. ಒಬ್ಬರೇ ಬಂದಿರಾ ಎಂದು ಮುದುಕ ಇಂಗ್ಲಿಷಿನಲ್ಲಿ ಕೇಳಿದ.

ಇಲ್ಲ, ನನ್ನ ಸ್ನೇಹಿತ ಇದ್ದಾನೆ ಎಂದು ಗೋಡೆಯ ಅಂಚಿಗೆ ಹೋದೆ. ಬಹಳ ಕೆಳಗೆ, ಮರದ ನೆರಳಿನಲ್ಲಿ, ಬಿಳಿ ಟೋಪಿಯ ಒಂದು ಚುಕ್ಕೆ. ಎಡಗೈಯಲ್ಲಿ ಕಿಟಕಿಯ ಕಲ್ಲು ಹಿಡಿದುಕೊಂಡು ಬಲಗೈ ಎತ್ತಿ, ಅಗೋ ಅವನು, ಎಂದು ಬೆರಳು ತೋರಿಸಿದೆ.

ಬೆರಳು ಅರ್ಧ ಮಡಚಿತ್ತು.

ಕೈ ಹಾಗೆಯೇ ನಿಂತುಬಿಟ್ಟಿತು. ಜಗಲಿಯ ಕಂಬದ ನುಣುಪು ಅಂಗೈಗೆ ತಾಗಿದಂತಾಯಿತು. ತಿಪ್ಪೆಯ ಮೇಲೆ ಬೆಳ್ಳಗೆ ಚೆಲ್ಲಿದ ಹುಳು, ಅಪ್ಪನ ಬೆನ್ನಿನ ಬೆವರು, ತೊಳೆದ ಕ್ಯಾರಿಯರನ್ನು ಎದೆಗವುಚಿಕೊಂಡ ಪಾಷನ ಮುಖ ಎಲ್ಲ ಬಂದವು. ಇದು ನೆನಪೇ? ಅವನು ಎರಡು ದಿನದ ಹಿಂದೆ ಹೇಳಿದ್ದನ್ನು ನನ್ನ ತಲೆ ಚಿತ್ರ ಮಾಡಿ ತೋರಿಸುತ್ತಿದೆಯೇ? ಮೊದಲಿನ ಕಥೆಯನ್ನು ಕಟ್ಟಿದ ಕುಶಲಕರ್ಮಿಯೇ ಇದನ್ನೂ ಕಟ್ಟಿರಬಹುದಲ್ಲ. ಅದು ನನಗೆ ಇಂದಿಗೂ ತಿಳಿಯದು. ಆದರೆ ಮೊದಲಿನದನ್ನು ನೆನೆದಾಗಲೆಲ್ಲ ನನಗೆ ಹಿತವಾಗುತ್ತಿತ್ತು, ಇದು ಹಾಗೆ ಮಾಡುವುದಿಲ್ಲ. ನನ್ನ ಹತ್ತಿರ ಇರುವ ಅಳತೆ ಇಷ್ಟೇ.

ಮುದುಕ ನನ್ನ ಭುಜ ಮುಟ್ಟಿ, ಎತ್ತರ ಆಗುವುದಿಲ್ಲವೇ, ಕೂತುಕೊಳ್ಳಿ ಎಂದ.

ಕೆಳಗೆ ಬಂದಾಗ ಪಾಷ ಹಿಪ್ಪುನೇರಳೆ ಹಣ್ಣು ತಿಂದು ನಾಲಗೆ ಕಪ್ಪು ಮಾಡಿಕೊಂಡಿದ್ದ.

"ಏನೈತೆ ಮೇಲೆ?"

"ಮೂರು ಗೋಡೆ." ಸೇಬನ್ನು ಅವನ ಕೈಗೆ ಕೊಟ್ಟೆ. "ತಪ್ಪಾಯ್ತು ಕಣೋ ಪಾಷ."

ಅವನು ಸೇಬನ್ನು ಅಂಗಿಗೆ ಒರೆಸಿದ. ಕಚ್ಚಲಿಲ್ಲ.

"ಬಸ್ಸಿಗೆ ಹೊತ್ತಾಯ್ತು. ಇಳಿ" ಎಂದ.

ಕೊನೆಯ ದಿನ, ಮತ್ತೆ ಇನೆಸ್‌ಳ ಕೋಟೆ

ಹೊರಡುವ ದಿನ ಬೆಳಿಗ್ಗೆ ಎರಡನೆಯ ಪ್ರದರ್ಶನ. ಜನ ಬೇರೆ, ಹತ್ತಿಪ್ಪತ್ತು ಮಂದಿ. ಪಾಷ ಬಾಂಡಲಿಯಲ್ಲಿ ಎಳೆ ಹುಡುಕುತ್ತಿದ್ದಾಗ ನಾನು ಕಥೆ ಹೇಳಿದೆ. ಕಿವಿಯಲ್ಲಿ ಹತ್ತಿಯಿದ್ದ ಹುಡುಗ ನಾನು, ಬೆರಳು ತೋರಿಸಿದವನು ನಾನು, ಶಾಲೆ ಬಿಟ್ಟವನು ಇವನು ಎಂದೆ. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಇನೆಸ್ ಮೊದಲ ದಿನದ ಕಥೆ ಕೇಳಿದ್ದವಳು. ನನ್ನ ಮುಖವನ್ನೂ ಪಾಷನ ಮುಖವನ್ನೂ ನೋಡಿದಳು.

"ಇವತ್ತು ಕಮ್ಮಿ ಮಾತಾಡ್ದೆ" ಎಂದ ಪಾಷ, ಚರಕ ನಿಲ್ಲಿಸಿ.

"ಮೊನ್ನೆಯದನ್ನು ತಿದ್ದಿ ಹೇಳ್ದೆ."

"ಈ ಜನ ಬೇರೆ ಕಣ್ಲಾ. ಮೊನ್ನೆಯೋರು ಮನೆಗೋದ್ರು." ಕೈ ಒರೆಸಿಕೊಳ್ಳುತ್ತ ಕೇಳಿದ: "ನಿನ್ ಕ್ಲಾಸಿನ ಹುಡುಗ್ರು ಎಷ್ಟ್ ಜನ ಇದ್ದಾರು?"

ಮೂವತ್ತು ವರ್ಷದ ಹುಡುಗರು. ಅವರಲ್ಲಿ ಒಬ್ಬನಾದರೂ ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ.

ಬಸ್ಸಿಗೆ ಒಂದು ಗಂಟೆಯಿತ್ತು. ಕೋಟನ್ನು ಪೆಟ್ಟಿಗೆಗೆ ತುಂಬಿ, ಸೋಪು ಹಾಕಿ ಮೊಣಕೈ ತನಕ ತೊಳೆದುಕೊಂಡು ಇನೆಸ್‌ಳ ಮುಂದೆ ನಿಂತೆ. ಅವಳು ಮೂಸಿ ನೋಡಿ ತಲೆಯಾಡಿಸಿದಳು. ಗೋಪುರದ ಮೆಟ್ಟಿಲು ಹತ್ತಿದೆವು. ಹುಳುಮನೆಯ ಬಾಗಿಲು ತೆರೆದಿತ್ತು.

"ಬಾ ಪಾಷ."

ಅವನು ಬೂಟು ಬಿಚ್ಚಿ ಗೋಡೆಗೆ ಒರಗಿಸಿಟ್ಟ. ಹೊಸ್ತಿಲ ತನಕ ಬಂದು ನಿಂತ. ಒಳಗೆ ಕತ್ತರಿಸುವ ಸದ್ದು.

"ಇಲ್ಲಿಂದ್ಲೇ ಕೇಳುಸ್ತದೆ. ಸಾಕು."

"ನೀನು ಹುಳುಮನೆಗೆ ಹೋಗಿಯೇ ಇಲ್ವಾ? ಇಷ್ಟು ವರ್ಷದಲ್ಲಿ?"

"ರೀಲರ್‌ಗೇನ್ ಕೆಲ್ಸ ಅಲ್ಲಿ? ನಮ್ಗೆ ಗೂಡು ಮಾರ್ಕೆಟ್ಟಿಗೆ ಬತ್ತದೆ." ಬಾಗಿಲ ಚೌಕಟ್ಟಿಗೆ ಕೈ ಊರಿ, "ಎರಡ್ ಮೂರ್ ಕಡೆ ಕರ್ದಿದ್ರು. ಬಾಗ್ಲುಗಂಟ ಹೋಯ್ತೀನಿ. ಆಮ್ಯಾಕೆ ಆಗಲ್ಲ" ಎಂದ.

ನಾನು ಒಬ್ಬನೇ ಒಳಗೆ ಹೋದೆ. ಒಂದು ತಟ್ಟೆಯನ್ನು ಎರಡು ಕೈಯಲ್ಲಿ ಎತ್ತಿ ತಂದು ಹೊಸ್ತಿಲ ಮೇಲೆ, ಅವನ ಕಾಲ ಹತ್ತಿರ ಇಟ್ಟೆ. ಇನೆಸ್ ಬೇಡವೆನ್ನಲಿಲ್ಲ. ಎಲೆಗಳ ಮೇಲೆ ಬೆರಳುದ್ದದ ಬಿಳಿಯ ಹುಳುಗಳು ತಲೆ ಮೇಲೆ ಕೆಳಗೆ ಆಡಿಸುತ್ತ ತಿನ್ನುತ್ತಿದ್ದವು. ಪಾಷ ಮಂಡಿಯೂರಿ ಕೂತ. ಎದೆಯ ಸಿಳ್ಳೆ ಕೇಳದಂತೆ ಉಸಿರು ಹಿಡಿದಿದ್ದ. ಎಷ್ಟು ಲಕ್ಷ ಗೂಡುಗಳನ್ನು ಬೇಯಿಸಿದ ಕೈಯೋ ಅದು. ಒಂದು ಹುಳುವನ್ನು ಮೆಲ್ಲಗೆ ಮುಟ್ಟಿದ. ಮುಖದಲ್ಲಿ ಏನೂ ಕಾಣಲಿಲ್ಲ.

"ಬೆರಳ್ಗೆ ಗೊತ್ತಾಗಲ್ಲ" ಎಂದ. ಬಿಸಿನೀರು ತಿಂದ ತುದಿಗಳು ಅವು.

ನಾನು ಎಲೆಯ ಸಮೇತ ಒಂದನ್ನು ಎತ್ತಿದೆ. ಅವನು ಅಂಗಿಯ ತೋಳು ಮೇಲಕ್ಕೆ ಸರಿಸಿ ಮಣಿಕಟ್ಟಿನ ಒಳಭಾಗವನ್ನು ಒಡ್ಡಿದ. ಹುಳುವನ್ನು ಅಲ್ಲಿ ಇಳಿಸಿದೆ. ಅದು ತಲೆಯೆತ್ತಿ ಅತ್ತಿತ್ತ ಹುಡುಕಿ, ನಿಧಾನವಾಗಿ ಅವನ ನರದ ಮೇಲೆ ಹರಿಯಿತು.

ಪಾಷ ಬಹಳ ಹೊತ್ತು ಅದನ್ನೇ ನೋಡಿದ.

"ಇಷ್ಟು ತಣ್ಣಗಿರ್ತದೇನ್ಲಾ ಇದು?" ಎಂದ.